ನೆರಳಿನ ಧರಣಿ

"ಮೂರು ದಿನದಿಂದ ಸಂತೆಕಟ್ಟೆ ಉಳಿಸೋ ಧರಣಿಗೆ ಬರೇ ನೆರಳು ಕಳಸಾಕತ್ತೀರಿ. ನಾಚಿಕಿ ಅನ್ನೋದು ಐತೋ ಇಲ್ಲೋ, ಸಾಹುಕಾರ್ರ?" ಸೊಪ್ಪು ಮಾರುವ ಫಕ್ಕೀರವ್ವ ಹೋಟೆಲಿನ ಗಲ್ಲಾದ ಮುಂದೆ ನಿಂತು ಬೈದಳು.

"ಕಾನೂನಿನ್ಯಾಗ ನೆರಳೂ ಒಂದು ಆಳು ಅಂತ ಐತಿ, ತಂಗಿ. ನಾ ಬಂದ್ರ ಮಿರ್ಚಿ ಯಾರು ಕರೀಬೇಕು?" ಎಂದ ಹೋಟೆಲಿನ ಮಾಲಕ ವಿರುಪಾಕ್ಷಪ್ಪ.

"ಪೊಲೀಸರು ಆ ನೆರಳುಗಳನ್ನ ಬೂಟಿಲೆ ತುಳಕೊಂಡು ಅಡ್ಡಾಡ್ತಾರ. ಕೂಗಾಕ ಅವಕ್ಕ ಬಾಯಿಲ್ಲ. ನಾಳೆ ಸಂತೆಕಟ್ಟೆ ಕೆಡವಿದ್ರ ನಾ ಎಲ್ಲಿ ಕೂಡ್ಲಿ?"

ವಿರುಪಾಕ್ಷಪ್ಪ ಗಡಿಯಾರ ನೋಡಿದ. ನಾಲ್ಕಕ್ಕೆ ಧರಣಿ ಮುಗಿಸಿ ನೆರಳು ತಾನಾಗಿಯೇ ಕಾಲಿಗೆ ಬಂದು ಅಂಟಿಕೊಳ್ಳುವುದು ವಾಡಿಕೆ. ಈಗ ಐದಾಗಿತ್ತು.

"ಕಾಯಬ್ಯಾಡ್ರಿ. ಇವತ್ತು ಇನ್ನೂರು ನೆರಳಿಗೂ ಒಂದರ ಕೈ ಒಂದಕ್ಕ ಹಿಡಿಸೀವಿ. ಮಾಲಕರು ಖುದ್ದು ಬಂದು ಬಿಡಿಸ್ಕೋಬೇಕು. ಟೇಲರ್ ಮಾಬುಸಾಬರು, ಕಿರಾಣಿ ಬಸೆಟ್ಟೆಪ್ಪ ಆಗಲೇ ಬಂದಾರ."

"ಬಂದು?"

"ಬೈಕೋಂತ ಬಂದ್ರು. ತಮ್ಮ ನೆರಳಿನ ಮ್ಯಾಲಿನ ಬೂಟಿನ ಗುರುತು ನೋಡಿದ್ರು. ಅಲ್ಲೇ ಕುಂತಾರ."

"ನೆರಳು ಬಿಟ್ಟು ಮನಿಗೆ ಹೋದ್ರ ನನ್ನ ಹೆಂಡ್ತಿ ಒಳಗ ಬಿಡಂಗಿಲ್ಲ. ಒಂದು ನಿಮಿಷದಾಗ ಎಳಕೊಂಡು ಬರ್ತೀನಿ, ನೋಡ್ತಿರು." ಅವನು ಒಲೆ ಆರಿಸಿ, ಚಪ್ಪಲಿ ಮೆಟ್ಟಿ ಸಿಟ್ಟಿನಿಂದ ನಡೆದ.

ಐದೂವರೆಗೆ ಬೀದಿಯಲ್ಲಿ ಎದ್ದ ಘೋಷಣೆಗಳಲ್ಲಿ ಎಲ್ಲರಿಗಿಂತ ದೊಡ್ಡ ದನಿ ಅವನದೇ. ಫಕ್ಕೀರವ್ವ ಹೋಟೆಲಿನ ಬಾಗಿಲೆಳೆದು ಪಕ್ಕದ ಅಂಗಡಿಗೆ ಬೈಯಲು ಹೋದಳು. ಅವನು ಅಂದು ಗಲ್ಲಾಕ್ಕೆ ಮರಳಲಿಲ್ಲ.