ಹಳೆಯ ಪಾಸ್‌ವರ್ಡ್

"ನಮ್ಮಣ್ಣಂದೇ ಕೆಲ್ಸ ಇದು. ಬೇಕಂತ್ಲೇ ಬೀಗ ಹಾಕವ್ನೆ," ಎಂದ ಇಂದ್ರೇಶ್, ಕಣ್ಣಾರೆ ಕಂಡವನ ಹಾಗೆ.

ಹಳೇಬೀಡಿನ ಆ ಪ್ರಿಂಟಿಂಗ್ ಪ್ರೆಸ್ಸು ಅಣ್ಣತಮ್ಮಂದಿರಿಗೆ ಪಾಲಾಗಿ, ನಡುವೆ ಗೋಡೆ ಎದ್ದು ಮೂರು ದಿನವಾಗಿತ್ತು. ಕಾರ್ಡುಗಳ ಡಿಸೈನೆಲ್ಲ ಗೋಡೆಯಾಚೆ ಅಣ್ಣ ಇಂದುಧರನ ಕಂಪ್ಯೂಟರಿನ ಫೋಲ್ಡರಿನಲ್ಲಿತ್ತು. ಅದನ್ನು ಇಬ್ಬರೂ ಬಳಸಬಹುದೆಂದು ಪಾಲುಪತ್ರದಲ್ಲೇ ಬರೆದಿತ್ತು. ಈಗ ಇಂದ್ರೇಶ್ ಗೋಡೆ ತೂರಿ ಬಂದ ಕೇಬಲ್ಲಿನ ಮೂಲಕ ತನ್ನ ಕಂಪ್ಯೂಟರಿನಿಂದ ಅದನ್ನು ತೆರೆಯಹೋದರೆ ಹೆಸರು ಹೇಳು, ಪಾಸ್‌ವರ್ಡ್ ಹೇಳು ಎಂದು ಪೀಡಿಸುತ್ತಿತ್ತು. ಮಾದಿಹಳ್ಳಿಯ ಷಡಕ್ಷರಪ್ಪನವರು ಮಗಳ ಮದುವೆ ಕಾರ್ಡು ಒಯ್ಯಲು ಮಧ್ಯಾಹ್ನದ ಬಸ್ಸಿಗೇ ಬರುವವರು. ಸ್ವಂತ ಅಂಗಡಿಯ ಮೊದಲ ಗಿರಾಕಿ ಬರಿಗೈಲಿ ಹೋದರೆ ಊರ ಮುಂದೆ ಮಾನ ಉಳಿಯುವಂತಿರಲಿಲ್ಲ.

ಅರಸೀಕೆರೆಯಿಂದ ಕಂಪ್ಯೂಟರ್ ರಿಪೇರಿಗೆ ಬಂದಿದ್ದ ಮೇಘಶ್ರೀ ಪಕ್ಕದಂಗಡಿಗೆ ಹೋಗಿ, ಹತ್ತೇ ನಿಮಿಷದಲ್ಲಿ ವಾಪಸು ಬಂದಳು.

"ಒಪ್ಕಂಡ್ನಾ?"

"ಅವರೇನೂ ಮುಟ್ಟಿಲ್ಲ ಸಾರ್. ಅಲ್ಲಿ ನಿಮ್ಮ ಹೆಸರು, ಪಾಸ್‌ವರ್ಡ್ ಎಲ್ಲ ಮೊದಲಿನ ಹಾಗೇ ಇದೆ. ಈ ಕಂಪ್ಯೂಟರಿಂದು ಬದಲಾಯಿಸಿದ್ಯಾರು?"

ಇಂದ್ರೇಶ್ ಎದೆ ಸೆಟೆಸಿದ. "ನಾನೇ. ಪಾಲುಪತ್ರಕ್ಕೆ ಸೈನ್ ಹಾಕಿ ಬಂದೋನು ಮೊದ್ಲು ಮಾಡಿದ್ದೇ ಅದು!"

"ಎರಡೂ ಕಡೆ ಒಂದೇ ಇದ್ದಿದ್ದಕ್ಕೆ ಇಷ್ಟು ದಿನ ಕೇಳದೆ ಒಳಗೆ ಬಿಡ್ತಿತ್ತು. ಈಗ ಗುರುತು ಸಿಗದೆ ಯಾರು ನೀವು ಅಂತಿದೆ. ಹಳೇದನ್ನೇ ಹೊಡೀರಿ. ಕೆಳಗೆ 'ನೆನಪಿಟ್ಟುಕೋ' ಅಂತಿದೆಯಲ್ಲ, ಅದಕ್ಕೂ ಟಿಕ್ ಹಾಕಿ."

ಹಳೆಯದನ್ನು ಬೆರಳುಗಳು ಮರೆತಿರಲಿಲ್ಲ. ಫೋಲ್ಡರು ತೆರೆದುಕೊಂಡಿತು. ಬೆಳಗಿನಿಂದ ಬಸ್‌ಸ್ಟ್ಯಾಂಡಿನವರೆಗೂ ಅಣ್ಣನನ್ನು ಬೈದುಕೊಂಡು ತಿರುಗಿದ್ದು ನೆನಪಾಗಿ ಇಂದ್ರೇಶನಿಗೆ ನಾಚಿಕೆಯಾಯಿತು.

ಬ್ಯಾಗು ಹೆಗಲಿಗೇರಿಸುತ್ತ ಮೇಘಶ್ರೀ ಗೋಡೆಯತ್ತ ಬೊಟ್ಟು ಮಾಡಿದಳು. "ಇಷ್ಟು ಸಣ್ಣ ಕೇಬಲ್ಲಿಗೆ ಗೋಡೆಯಲ್ಲಿ ಅಷ್ಟು ದಪ್ಪದ ಪೈಪ್ ಇಡ್ಸಿದೀರಲ್ಲ, ಯಾಕೆ ಸಾರ್?"

"ನಂಗೇನ್ ಗೊತ್ತು? ತೂತೇ ಬ್ಯಾಡ ಅಂದಿದ್ದೆ ನಾನು. ನಿಂತು ಕಟ್ಟಿಸ್ದೋನು ಅಣ್ಣ..." ಎಂದವನು ಪೈಪಿನತ್ತ ತಿರುಗಿ ನೋಡಿದ.

ಅವಳು ಹೋದ ಮೇಲೆ ಷಡಕ್ಷರಪ್ಪನವರ ಕಾರ್ಡಿನ ಮೊದಲ ಹಾಳೆ ಹೊರಬಿತ್ತು. ಹದಿನೈದು ವರ್ಷದಿಂದ ಮೊದಲ ಹಾಳೆಯನ್ನು ಅಣ್ಣ ಓದಿ, ತಪ್ಪಿಲ್ಲ ಎಂದ ಮೇಲೆಯೇ ಮಿಕ್ಕದ್ದು ಅಚ್ಚಾಗುತ್ತಿದ್ದುದು. ಇಂದ್ರೇಶ್ ಗಡಿಯಾರ ನೋಡಿದ. ಹಾಳೆಯನ್ನು ಸುರುಳಿ ಸುತ್ತಿ, ಗೋಡೆಯ ಪೈಪಿನೊಳಗೆ ತೂರಿಸಿ, ತುದಿ ಹಿಡಿದು ಕಾದ.

ಆಚೆಯಿಂದ ಯಾರೋ ಅದನ್ನು ಮೆಲ್ಲಗೆ ಎಳೆದುಕೊಂಡರು.