ನಲವತ್ತಾರು ಗ್ರಾಂ

ವಾಗ್ದೇವಿ ನಡುಮನೆ ಗುಡಿಸಿ, ಸಾಸಿವೆಯಷ್ಟಿದ್ದ ಕಪ್ಪುಕುಳಿಯನ್ನು ಇಕ್ಕಳದಲ್ಲಿ ಎತ್ತಿ ತಕ್ಕಡಿಯ ಮೇಲಿಟ್ಟಳು. ಪ್ರತಿ ಗೆಲಾಕ್ಸಿಯ ನಟ್ಟನಡುವೆ ಇರುವಂತೆ ಪ್ರತಿ ಮನೆಯ ನಟ್ಟನಡುವೆಯೂ ಒಂದಿರುತ್ತದೆ. ಮನೆಮಂದಿಯ ಒಟ್ಟು ತೂಕದಲ್ಲಿ ಸರಿಯಾಗಿ ಐನೂರನೇ ಒಂದು ಪಾಲು. ಹೆಚ್ಚಿದ್ದರೆ ನಗರಸಭೆಯವರು ಬಂದು ಹೆಚ್ಚಾದಷ್ಟನ್ನು ಕರಗಿಸಿ ಹೋಗುತ್ತಾರೆ.

"ಎಷ್ಟಿದೆಯೇ? ನಾನೇನೂ ದಪ್ಪ ಆಗಿಲ್ಲ ತಾನೆ?" ನಗರಸಭೆಗೆ ವರ್ಷದ ವರದಿ ಬರೆಯುತ್ತಿದ್ದ ಗಂಡ ಒಳಗಿನಿಂದ ಕೇಳಿದ.

ಇಬ್ಬರಿಗೆ ಇನ್ನೂರರವತ್ತು ಗ್ರಾಂ ಇರಬೇಕಿತ್ತು. ಹೋದ ವರ್ಷ ಏಳು ವರ್ಷದ ಮಗಳು ಚಾರು ತೀರಿಕೊಂಡಾಗ ಅವಳ ಪಾಲಿನ ನಲವತ್ತು ಗ್ರಾಂ ಇಳಿದಿರಲಿಲ್ಲ. ಇಂದು ಅದು ನಲವತ್ತಾರಾಗಿತ್ತು. ಮಗಳು ಮೂರು ಕಿಲೋ ಬೆಳೆದಿದ್ದಳು.

"ಇನ್ನೂರರವತ್ತೇ. ನೀವು ಹಾಗೇ ಇದ್ದೀರಿ, ಬರ್ಕೊಳ್ಳಿ."

ಹುಡುಗಿ ದೊಡ್ಡವಳಾಗುವ ತನಕ ತೂಗುವ ಕೆಲಸವನ್ನು ಬೇರೆ ಯಾರ ಕೈಗೂ ಕೊಡಬಾರದೆಂದು ಅವಳು ಮನಸ್ಸಿನಲ್ಲೇ ಗಟ್ಟಿಮಾಡಿಕೊಂಡಳು.