ಖಾಲಿ ಕೋಣೆಯ ಸದ್ದು

"ಆಣೆಕಟ್ಟು ಕಟ್ಟೋಕೆ ಬಂದೋರ್ನ ಪೊರಕೆ ಹಿಡ್ಕೊಂಡು ನದಿ ಆಚೆಗಂಟ ಅಟ್ಟಿದ್ದೆ," ಎಂದಳು ಕಪ್ಪುಜನರ ಕೇರಿಯ ಮುದುಕಿ. "ಅರ್ಧ ಸುಳ್ಳು ಅನ್ಕೊ. ಪೊರಕೆ ಹಿಡಿದಿದ್ದು ನಿಜ."

ಕ್ಯಾಮೆರಾ ಹಿಂದಿದ್ದವಳು ನಕ್ಕಳು. ಅಮೆರಿಕದ ಚರಿತ್ರೆ ಬಿಟ್ಟುಬಿಟ್ಟ ಊರುಗಳ ಸಾಕ್ಷ್ಯಚಿತ್ರ ತೆಗೆಯುತ್ತಲೇ ಅವಳ ತಲೆ ನರೆತಿತ್ತು. ಟಿವಿಯವರು ಒಂದನ್ನೂ ತೋರಿಸಿರಲಿಲ್ಲ.

"ನಿಮ್ಮ ಮಾತು ದೇಶಕ್ಕೆಲ್ಲ ಕೇಳಿಸ್ತೀನಿ ಅಜ್ಜಿ."

ಮುದುಕಿ ನಂಬಿದಳು. ಊರು ಬಿಡಲೊಪ್ಪದ ಗಂಡ ಮನೆಯೊಳಗಿದ್ದಾಗಲೇ ಆಣೆಕಟ್ಟಿನವರು ಊರಿಗೆ ನೀರು ಹರಿಸಿದ್ದನ್ನು ಮೊದಲ ಸಲ ಬಾಯಿಬಿಟ್ಟು, ಸಂಜೆಯವರೆಗೂ ಹೇಳಿದಳು.

"ಇನ್ನೊಂದು ನಿಮಿಷ ಸುಮ್ನೆ ಕೂತಿರಿ ಅಜ್ಜಿ. ಮಾತಿಲ್ಲದ ಕೋಣೆಯ ಸದ್ದೂ ಎಡಿಟಿಂಗ್‌ಗೆ ಬೇಕು."

"ನನ್ನ ಗಂಡನೂ ಇದನ್ನೇ ಬೇಡ್ಕೋತಿದ್ದ ಕಣಮ್ಮ. ಅವನಿಗೆ ಸಿಗದ್ದು ನಿಂಗೆ ಸಿಕ್ತು," ಎಂದು ತುಟಿ ಬಿಗಿದು ಕೂತಳು.

ಮರುವರ್ಷ ಟಿವಿಯವರು ತಮಗೆ ಬೇಕಾದಂತೆ ಕತ್ತರಿಸಿ ತೋರಿಸುತ್ತೇವೆಂದರು. ಚಿತ್ರ ತೆಗೆದವಳು ಒಪ್ಪಿದಳು. ಕೇರಿಯವರೆಲ್ಲ ಚರ್ಚಿನಲ್ಲಿ ಕೂತು ನೋಡಿದರು. ತುಟಿ ಬಿಗಿದ ಮುದುಕಿಯ ಮುಖ ಪರದೆ ತುಂಬ ಬಂತು. ಅದರ ಮೇಲೆ ಯಾರೋ ಪ್ರೊಫೆಸರರ ದನಿ: "ಅಂದು ನಡೆದದ್ದರ ಬಗ್ಗೆ ಇಲ್ಲಿಯವರು ಇಂದಿಗೂ ಬಾಯಿ ಬಿಡುವುದಿಲ್ಲ."

ಅವಳ ಒಂದು ಮಾತೂ ಇಲ್ಲದೆ ಅಷ್ಟಕ್ಕೇ ಚಿತ್ರ ಮುಗಿಯಿತು.

"ಅವತ್ತು ದಿನವಿಡೀ ಅವಳಿಗೆ ಏನು ಹೇಳ್ದೆ ಅಜ್ಜಿ?" ಮೊಮ್ಮಗಳು ಕೇಳಿದಳು.

"ನೋಡಿದ್ಯಲ್ಲ," ಎಂದಳು ಮುದುಕಿ. "ಏನ್ ಹೇಳಿರಬೋದು, ನೀನೇ ಹೇಳು ನೋಡೋಣ."